ಬಾಕಿ ಕೂಲಿ

ಸೋಮವಾರ, ರಾತ್ರಿ

ನಾಳೆಯ ಪಾಠಕ್ಕೆ ಜೋರ್ಡನ್ ಆಂಡರ್ಸನ್‌ನ ಪತ್ರ ತೆಗೆದೆ. ಅಮೆರಿಕದಲ್ಲಿ ಗುಲಾಮನಾಗಿದ್ದು ಬಿಡುಗಡೆಯಾದವನು. 1865ರ ಆಗಸ್ಟ್. ಟೆನೆಸ್ಸಿಯ ಹಳೇ ದಣಿ ಮತ್ತೆ ಕೆಲಸಕ್ಕೆ ಕರೆದಿದ್ದ. ಓಹಾಯೊದ ಡೇಟನ್ನಿನಿಂದ ಇವನು ಬರೆಸಿದ ಉತ್ತರ: ಮೊದಲು ಬಾಕಿ ಕೂಲಿ ಕಳಿಸಿ. ತನ್ನದು 32 ವರ್ಷ, ತಿಂಗಳಿಗೆ 25 ಡಾಲರ್. ಹೆಂಡತಿ ಮ್ಯಾಂಡಿಯದು 20 ವರ್ಷ, ವಾರಕ್ಕೆ 2. ಒಟ್ಟು 11,680. ಬಟ್ಟೆಯ ಖರ್ಚು, ಡಾಕ್ಟರು ಮೂರು ಸಲ ಬಂದದ್ದು, ಮ್ಯಾಂಡಿಯ ಹಲ್ಲು ಕಿತ್ತದ್ದು, ಅಷ್ಟನ್ನು ಮುರಿದುಕೊಳ್ಳಿ.

ಆ ಹಲ್ಲಿನ ಲೆಕ್ಕಕ್ಕೆ ಬಂದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಹಣ ಬರಲಿಲ್ಲ.

ಮಂಗಳವಾರ

ಹಿಂದಿನ ಬೆಂಚಿನ ಹುಡುಗಿ ಕೇಳಿದಳು: ‘ಹಾಗಾದ್ರೆ ಪರಿಹಾರ ಯಾರಿಗೂ ಸಿಗ್ಲಿಲ್ವಾ ಮೇಡಂ?’

ಸಿಕ್ಕಿತು, ದಣಿಗಳಿಗೆ. ಗುಲಾಮಗಿರಿ ರದ್ದುಮಾಡಿದ 1833ರ ಕಾಯ್ದೆಯಲ್ಲಿ ಬ್ರಿಟನ್ ಅವರಿಗೆ ಕೊಟ್ಟದ್ದು 2 ಕೋಟಿ ಪೌಂಡ್. 1862ರಲ್ಲಿ ವಾಷಿಂಗ್ಟನ್ ನಗರದಲ್ಲೂ ಹಾಗೇ, ಬಿಡುಗಡೆಯಾದ ಒಬ್ಬೊಬ್ಬ ಗುಲಾಮನ ಲೆಕ್ಕಕ್ಕೆ ದಣಿಗೆ 300 ಡಾಲರ್‌ವರೆಗೆ.

ಗುರುವಾರ

1865ರ ಜನವರಿಯಲ್ಲಿ ಅಮೆರಿಕದ ಜನರಲ್ ಶರ್ಮನ್ ಕರಾವಳಿಯ ಭೂಮಿಯನ್ನು ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆವರೆಗೆ ಹಂಚಲು ಆದೇಶಿಸಿದ. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಕರಾವಳಿಯ ಎಡಿಸ್ಟೊ ದ್ವೀಪಕ್ಕೆ ಬಂದ ಜನರಲ್ ಹೊವಾರ್ಡ್, ಭೂಮಿಯನ್ನು ಹಳೇ ದಣಿಗಳಿಗೆ ಬಿಟ್ಟುಕೊಡಿ ಎಂದ. ಅಧ್ಯಕ್ಷ ಜಾನ್ಸನ್‌ನ ಅಪ್ಪಣೆ. ಉತ್ತವರು ಅರ್ಜಿ ಬರೆದರು. ನಡೆಯಲಿಲ್ಲ. ಆಮೇಲೆ ಪಾಲಿನ ಬೇಸಾಯ, ಅಂಗಡಿಯ ಸಾಲ, ಸಾಲಕ್ಕೆ ಮತ್ತೆ ದುಡಿತ.

ಇಲ್ಲಿಗೆ ಬಂದಾಗ ಅಪ್ಪ ನೆನಪಾದರು. ತರಗತಿಯಲ್ಲಿ ಹೇಳಲಿಲ್ಲ. ಹೇಳಬೇಕಿತ್ತೇ?

ಶನಿವಾರ, ಊರು

ತಾತನ ಸಾಲಕ್ಕೆ ಅಪ್ಪ ಹತ್ತು ವರ್ಷದ ಹುಡುಗನಾಗಿದ್ದಾಗ ಜೀತಕ್ಕೆ ಬಿದ್ದವರು. ಜೀತ ರದ್ದುಮಾಡಿದ 1976ರ ಕಾಯ್ದೆ ಬಂದ ಮೇಲೆ ಬಿಟ್ಟದ್ದು. ಕಾಯ್ದೆ ಸಾಲ ಅಳಿಸಿತು. ಆ ವರ್ಷಗಳ ಕೂಲಿ? ಅಪ್ಪನನ್ನೇ ಕೇಳಿದೆ.

‘ಅದ್ಯಾಕವ್ವ ಈಗ? ಸಾಲ ತೀರ್ತಲ್ಲ.’

ಬಿಡಲಿಲ್ಲ. ಪೆನ್ನು ಹಿಡಿದು ಕೂತೆ. ದನ ಮೇಯಿಸಿದ್ದು, ಕೊಟ್ಟಿಗೆ ಬಾಚಿದ್ದು, ರಾತ್ರಿ ಕಣದ ಕಾವಲು. ಅಪ್ಪ ಬೆರಳು ಮಡಚಿ ಎಣಿಸುತ್ತ ನಡುವೆ ನಿಲ್ಲಿಸಿದರು: ‘ವರ್ಸಕ್ಕೊಂದು ಚಡ್ಡಿ ಕೊಡೋರು. ಜ್ವರ ಬಂದಾಗ ಗೌಡ್ರು ಆಸ್ಪತ್ರೆಗೆ ಕಳಿಸಿದ್ರು. ಅದ್ನ ಕಳೀಬೇಕಲ್ಲ?’

ಜೋರ್ಡನ್ ದಣಿಯ ಮುಖಕ್ಕೆ ಹೊಡೆದಂತೆ ಕಳೆದಿದ್ದ. ಅಪ್ಪ ನಿಜವಾಗಿಯೇ ಕಳೆಯುತ್ತಿದ್ದಾರೆ. ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಎದ್ದು ಒಳಗೆ ಹೋದೆ.

ಭಾನುವಾರ, ಬೆಳಿಗ್ಗೆ

ನಿದ್ದೆ ಇಲ್ಲ. ಮರೆತದ್ದನ್ನು ಕೆದಕಿದೆನೇ? ಅಥವಾ ಅವರು ಮರೆತೇ ಇರಲಿಲ್ಲವೇ?

ಕಾಫಿ ಕುಡಿಯುವಾಗ ಅಪ್ಪನೇ ಮಾತು ತೆಗೆದರು: ‘ಬಾವಿಯಿಂದ ನೀರು ಹೊತ್ತಿದ್ದು ಬರ್ಕೊಂಡ್ಯಾ? ಎರಡೂ ಹೊತ್ತು ಹೊರ್ತಿದ್ದೆ.’

ಬರೆದುಕೊಂಡೆ.