ಒಂದು ನಡಿಗೆಯ ಪಾಠಶೋಧನೆ

ಓಲೆಗರಿಗಳನ್ನು ಓದಿ ಪಾಠವನ್ನು ಶುದ್ಧಗೊಳಿಸುವ ಕೆಲಸವನ್ನು ನಾನು ಚಿಕ್ಕಂದಿನಲ್ಲಿ ಗುರುಗಳ ಬಳಿ ಕಲಿತೆನು. ಲಿಪಿಕಾರನ ಪ್ರಮಾದವನ್ನು ತಿದ್ದಬೇಕು. ಋಷಿಯ ಮಾತು ವ್ಯಾಕರಣಕ್ಕೆ ಒಗ್ಗದಿದ್ದರೂ ಅದನ್ನು ಆರ್ಷಪ್ರಯೋಗವೆಂದು ಹಾಗೆಯೇ ಉಳಿಸಬೇಕು. ಇದು ಅವರು ಹೇಳಿಕೊಟ್ಟ ಮೊದಲ ನಿಯಮ. ಅರುವತ್ತರ ವಯಸ್ಸಿನಲ್ಲಿ ಈ ನಿಯಮವು ಕಂಪ್ಯೂಟರಿನ ಮುಂದೆ ನನ್ನ ನೆರವಿಗೆ ಬಂದೀತೆಂದು ನಾನು ಎಣಿಸಿರಲಿಲ್ಲ.

ನನ್ನ ಮಗನು ಬೆಂಗಳೂರಿನಲ್ಲಿ ಚಲಚ್ಚಿತ್ರದ ಗೊಂಬೆಗಳಿಗೆ ನಡೆನುಡಿ ಕಲಿಸುವ ಉದ್ಯೋಗದಲ್ಲಿದ್ದಾನೆ. ಬೆಳಕನ್ನು ಹಿಂದಿರುಗಿಸುವ ಸಣ್ಣ ಗುಂಡುಗಳನ್ನು ಮೈಗೆ ಅಂಟಿಸಿಕೊಂಡು ಮನುಷ್ಯನು ನಡೆದರೆ, ಸುತ್ತಲಿನ ಕ್ಯಾಮೆರಾಗಳು ಅವುಗಳ ಸ್ಥಾನವನ್ನು ಸೆಕೆಂಡಿಗೆ 120 ಸಲ ಗುರುತಿಸಿಕೊಳ್ಳುವುವು. 2022ರಲ್ಲಿ ಅವನು ವಿನೋದಕ್ಕಾಗಿ ತನ್ನ ತಾಯಿಯನ್ನೂ ಹೀಗೆ ನಡೆಯಿಸಿದ್ದನು. ಸೊಸೆಯ ಚೂಡಿದಾರವನ್ನು ತೊಡಲು ಒಪ್ಪಿದ ಆಕೆ, ಹೆಗಲ ಮೇಲಿನ ಶಾಲನ್ನು ಮಾತ್ರ ತೆಗೆಯಲೊಲ್ಲೆನೆಂದಳು. ಮರುವರ್ಷ ಆಕೆ ನಮ್ಮನ್ನಗಲಿದಳು.

ಈಚೆಗೆ ಮಗನು ಊರಿಗೆ ಬಂದಾಗ, "ಅಪ್ಪಾ, ಅಮ್ಮನ ನಡಿಗೆ ನನ್ನಲ್ಲಿದೆ. ತಪ್ಪುಗಳು ಬಹಳ. ತಿದ್ದಲು ಕೂತರೆ ಕೈ ಏಳುವುದಿಲ್ಲ. ನೀವು ನೋಡುತ್ತೀರಾ?" ಎಂದನು. ಬ್ಲೆಂಡರ್ ಎಂಬ, ದುಡ್ಡು ಕೊಡದೆ ದೊರೆಯುವ ಸಾಧನವನ್ನು ತೆರೆದು, ಅದರ ಗ್ರಾಫ್ ಎಡಿಟರನ್ನು ನನಗೆ ತೋರಿಸಿಕೊಟ್ಟನು. ಅಡ್ಡಲಾಗಿ ಕಾಲ, ಲಂಬವಾಗಿ ಪ್ರಮಾಣ. ಪ್ರತಿಯೊಂದು ಕೀಲಿಗೂ ಕೆಂಪು, ಹಸಿರು, ನೀಲಿ ಬಣ್ಣದ ಮೂರು ರೇಖೆಗಳು.

ಓದುತ್ತಾ ಹೋದಂತೆ ದೋಷಗಳ ಜಾತಿಗಳು ತಿಳಿದುವು. ಒಂದು ರೇಖೆಯು 180 ಅಂಶದಿಂದ ಥಟ್ಟನೆ ಋಣ 180ಕ್ಕೆ ಹಾರಿತ್ತು. ಅವೆರಡೂ ಒಂದೇ ದಿಕ್ಕು. ಬರಹ ಮಾತ್ರ ಬೇರೆ. ನೆಲದಲ್ಲಿ ಊರಿದ ಪಾದವು ಮಂಜಿನ ಮೇಲಿರುವಂತೆ ಜಾರುತ್ತಿತ್ತು. ಅಲ್ಲಲ್ಲಿ ಗರಗಸದ ಹಲ್ಲಿನಂತಹ ನಡುಕವಿತ್ತು. ಇವೆಲ್ಲ ಲಿಪಿಕಾರನ ಪ್ರಮಾದಗಳೇ ಸರಿ, ಒಂದೊಂದಾಗಿ ತಿದ್ದಿದೆನು.

ಬಳಿಕ ಆತುರಬುದ್ಧಿಯಿಂದ, ಎಲ್ಲ ರೇಖೆಗಳನ್ನೂ ಒಟ್ಟಿಗೆ ನಯಗೊಳಿಸುವ ಆಜ್ಞೆಯನ್ನು ಹಲವು ಸಲ ಕೊಟ್ಟೆನು. ಅದು ಪ್ರತಿಯೊಂದು ಬಿಂದುವನ್ನೂ ನೆರೆಯ ಬಿಂದುಗಳ ಸರಾಸರಿಗೆ ಎಳೆಯುವುದು. ರೇಖೆಗಳು ಕೆರೆಯ ತೆರೆಗಳಂತೆ ಸುಂದರವಾದುವು. ನಡೆಯಿಸಿ ನೋಡಿದೆನು. ಯಾವಳೋ ಪರಸ್ತ್ರೀಯು ನಮ್ಮ ಮನೆಯೊಳಗೆ ನಡೆದು ಹೋದಂತಾಯಿತು!

1998ರ ಮಳೆಗಾಲದಲ್ಲಿ ಆಕೆ ಬಾವಿಕಟ್ಟೆಯ ಬಳಿ ಜಾರಿ ಎಡಗಾಲನ್ನು ಮುರಿದುಕೊಂಡಿದ್ದಳು. ಅಂದಿನಿಂದ ಎಡಗಾಲಿನ ಮೇಲೆ ಹೆಚ್ಚು ಹೊತ್ತು ಭಾರವಿಡದೆ ಬಲಗಾಲನ್ನು ಬೇಗನೆ ಊರುತ್ತಿದ್ದಳು. ಸೊಂಟದ ರೇಖೆಯಲ್ಲಿ ಹೆಜ್ಜೆ ಬಿಟ್ಟು ಹೆಜ್ಜೆಗೆ ಕಾಣುತ್ತಿದ್ದ ಚೂಪಾದ ತಗ್ಗು ಅದೇ. ನಾನು ಅದನ್ನು ದೋಷವೆಂದು ಅಳಿಸಿಬಿಟ್ಟಿದ್ದೆನು. ಇಪ್ಪತ್ತೈದು ವರ್ಷ ಅಡಿಗೆಮನೆಯಿಂದ ಜಗಲಿಗೆ ಬರುವ ಆ ಸದ್ದನ್ನು ಕೇಳಿದವನು ನಾನಲ್ಲವೆ? ನಾಚಿಕೊಂಡು, ಕೊಟ್ಟ ಆಜ್ಞೆಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡೆನು. ನಡುಕವಿದ್ದ ಎಡೆಗಳನ್ನಷ್ಟೇ ಕೈಯಾರೆ ಸರಿಪಡಿಸಿ, ಆ ತಗ್ಗುಗಳನ್ನು ಆರ್ಷವೆಂದು ಉಳಿಸಿದೆನು.

ಕೊನೆಗೆ ಒಂದೆಡೆ ಉಳಿಯಿತು. ಆಕೆ ತಿರುಗುವಾಗ ಶಾಲು ಜಾರಿ ಸೊಂಟದ ಗುಂಡುಗಳನ್ನು ಮುಚ್ಚಿದ್ದಿತು. ನಲವತ್ತು ಗುರುತುಗಳು, ಎಂದರೆ ಸೆಕೆಂಡಿನ ಮೂರನೆಯ ಒಂದು ಪಾಲು, ಇಲ್ಲವೇ ಇಲ್ಲ. ಎರಡು ತುದಿಗಳನ್ನು ಕೂಡಿಸುವುದು ಕಷ್ಟವಲ್ಲ. ಆದರೆ ಓಲೆಯು ಮುರಿದಲ್ಲಿ ಗ್ರಂಥಪಾತವೆಂದು ಬರೆಯುವುದೇ ನಮ್ಮ ಸಂಪ್ರದಾಯ.

ಮಗನಿಗೆ ತೋರಿಸಿದೆನು. ಅವನು ಬಹಳ ಹೊತ್ತು ನೋಡಿದನು. ಆ ಖಾಲಿ ಎಡೆಯನ್ನು ಅವನೂ ಕೂಡಿಸಲಿಲ್ಲ.