ಬೋರ್ಡ್ ಬರಿಯಾಕ ನಾಕ್ ವರ್ಸ ಬೇಕೇನ್ರಿ ಸರ?

ಮೊನ್ನೆ ಶಾಲೆ ಬಿಡುವ ಹೊತ್ತಿಗೆ ಒಬ್ಬ ತಾಯಿ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಮಗಳ ನೋಟ್‌ಬುಕ್ಕು. ಗಣಿತದ ಲೆಕ್ಕಗಳ ನಡುವೆ ಕೋಳಿ, ಕುರಿ, ಕ್ರೇನು, ಮುರ್ಗಾಂವ ಬಂದರಿನ ಹಡಗು. ಬೈಸಿಕೊಳ್ಳಲು ಕರೆತಂದಿದ್ದಾರೆ ಅಂದುಕೊಂಡೆವು. ಅವರು ಕೇಳಿದ್ದೇ ಬೇರೆ. "ಸರ, ಪಣಜ್ಯಾಗ ಚಿತ್ರ ಕಲಸೂ ಕಾಲೇಜ ಐತೆಂತಲ್ರಿ. ಆ ಗೌಂಡಿ ಮಗ ಕಲ್ತನಲ್ಲ, ಅದು. ಅದಕ್ಕ ಏನೇನ್ ಕಾಗದ ಬೇಕ್ರಿ?"

ಹುಡುಗಿ ಇನ್ನೂ ಮೂರನೇ ಇಯತ್ತೆ! ನಕ್ಕೆವು. ಆಮೇಲೆ ನಗು ನಿಂತಿತು. ಗೌಂಡಿ ಮಗನ ವಿಷಯದಲ್ಲಿ ಇದೇ ಪ್ರಶ್ನೆಯನ್ನು ನಾವು ಯಾರೂ ಹೊತ್ತಿಗೆ ಸರಿಯಾಗಿ ಕೇಳಿರಲಿಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇವೆ. ನಮ್ಮಂಥ ಶಾಲೆಗಳಲ್ಲಿ ಇಂಥ ಮಕ್ಕಳು ಇನ್ನೂ ಇರುತ್ತಾರೆ.

ನಮ್ಮದು ಜುವಾರಿನಗರದ ಕಡೆಯ ಸಣ್ಣ ಕನ್ನಡ ಪ್ರಾಥಮಿಕ ಶಾಲೆ. ಊರಿಗೆ ಜುವಾರಿನಗರ ಅಂತ ಬೋರ್ಡಿದ್ದರೂ ಜನ ಕರೆಯುವುದು ಬಿರ್ಲಾ ಅಂತಲೇ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದವರ ಮಕ್ಕಳು ನಮ್ಮಲ್ಲಿ ಓದುತ್ತಾರೆ. ನಾಲ್ಕನೇ ಇಯತ್ತೆ ಮುಗಿದರೆ ನಮ್ಮ ಕೈ ತಪ್ಪಿ ಇಂಗ್ಲಿಷ್ ಹೈಸ್ಕೂಲಿಗೆ ಹೋಗುತ್ತಾರೆ. ಆಮೇಲೆ ಕೆಲವರು ದಾರಿಯಲ್ಲಿ ಸಿಕ್ಕಾಗ ನಮಸ್ಕಾರ ಹೇಳುತ್ತಾರೆ, ಕೆಲವರು ಅದೂ ಇಲ್ಲ.

ಈ ಹುಡುಗ ಮಾತ್ರ ಬರುತ್ತಲೇ ಇದ್ದ. ನಾವೇ ಕರೆಸುತ್ತಿದ್ದೆವು ಅನ್ನಿ. ಬಾದಾಮಿ ತಾಲೂಕಿನ ತಾಂಡಾದವರು. ಅಪ್ಪ ಗೌಂಡಿ, ಅವ್ವ ಅದೇ ಸೈಟಿನಲ್ಲಿ ಬುಟ್ಟಿ ಹೊರುವವಳು. ಮನೆಯಲ್ಲಿ ಲಂಬಾಣಿ ಮಾತು, ಶಾಲೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ ಮತ್ತು ಕೊಂಕಣಿ. ಮೂರನೇ ಇಯತ್ತೆಯಲ್ಲಿದ್ದಾಗ ನವೆಂಬರ್ ಒಂದರಂದು ಕರಿಹಲಗೆಯ ಮೇಲೆ ಭುವನೇಶ್ವರಿಯನ್ನು ಬರೆದ. ಹಿಂದೆ ಕರ್ನಾಟಕದ ನಕಾಶೆ. ಎಲ್ಲ ಮುಗಿದ ಮೇಲೆ ನಕಾಶೆಯ ಹೊರಗೆ ಎಡಕ್ಕೆ ಒಂದು ಚುಕ್ಕಿ ಇಟ್ಟ. ಏನೋ ಇದು ಅಂದರೆ, "ನಮ್ ಸಾಲಿ ರೀ ಸರ" ಅಂದ. ನಮಗೆ ಅಳಿಸಲು ಮನಸ್ಸಾಗಲಿಲ್ಲ.

ಅಂದಿನಿಂದ ಅವನು ನಮ್ಮ ಶಾಲೆಯ ಖಾಯಂ ಪೇಂಟರ್. ರಾಜ್ಯೋತ್ಸವ, ಶಾರದಾ ಪೂಜೆ, ಗ್ಯಾದರಿಂಗು... ಹೈಸ್ಕೂಲು ಸೇರಿದ ಮೇಲೂ ಹೇಳಿಕಳಿಸಿದರೆ ಬಂದು ಬರೆದು ಹೋಗುತ್ತಿದ್ದ. ಚಹಾ, ಎರಡು ಬಿಸ್ಕತ್ತು, ಬೆನ್ನ ಮೇಲೊಂದು ಶಹಬ್ಬಾಸ್. ಅಷ್ಟೇ ನಮ್ಮ ಸಂಬಳ! ಹತ್ತನೆಯದು ಮುಗಿಸಿ ಅವನು ಮುಂದೇನು ಮಾಡಲಿ ಅಂತ ಕೇಳಲು ಬಂದಾಗ, ಇಷ್ಟು ವರ್ಷ ಅವನ ಕೈಯಿಂದ ಗೋಡೆ ತುಂಬಿಸಿಕೊಂಡ ನಾವೇ, "ಐಟಿಐ ಮಾಡಪ್ಪ, ಫಿಟ್ಟರೋ ಎಲೆಕ್ಟ್ರಿಷಿಯನ್ನೋ, ಹೊಟ್ಟೆಪಾಡಾಗುತ್ತೆ" ಅಂದೆವು. ಅವನು ಹೂಂ ಅಂದು ಹೋದ. ಪುಣ್ಯಕ್ಕೆ ನಮ್ಮ ಮಾತು ಕೇಳಲಿಲ್ಲ. ಹೈಯರ್ ಸೆಕೆಂಡರಿಯಲ್ಲಿ ಆರ್ಟ್ಸ್ ತೆಗೆದುಕೊಂಡ.

2018ರ ಬೇಸಿಗೆಯಲ್ಲಿ ಮತ್ತೆ ಬಂದ. ಕೈಯಲ್ಲಿ ಪ್ರಾಸ್ಪೆಕ್ಟಸ್. ಗೋವಾ ಕಾಲೇಜ್ ಆಫ್ ಆರ್ಟ್. ಪಣಜಿಯ ಆಲ್ತಿನೊ ಗುಡ್ಡದ ಮೇಲಿದೆ, 1972ರಲ್ಲಿ ಶುರುವಾದದ್ದು, ಗೋವಾ ವಿಶ್ವವಿದ್ಯಾಲಯಕ್ಕೆ ಸೇರಿದೆ, ನಾಲ್ಕು ವರ್ಷದ ಬಿ.ಎಫ್.ಎ. ಇಷ್ಟು ವರ್ಷ ಗೋವಾದಲ್ಲಿದ್ದ ನಮಗೆ ಇದು ಗೊತ್ತಿರಲಿಲ್ಲ ಅಂದರೆ ನಾಚಿಕೆಯ ಮಾತೇ. ಆ ಕಾಲೇಜು ಆಗುವ ಮೊದಲು ಗೋವೆಯ ಹುಡುಗರೂ ನಮ್ಮ ಕಡೆಯ ಹುಡುಗರೂ ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಮೆಟ್ಟಿಲು ಹತ್ತಬೇಕಿತ್ತು. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಅಲ್ಲೇ ಕಲಿತವರು, ಮಡಗಾಂವದ ಲಕ್ಷ್ಮಣ ಪೈ ಅಲ್ಲೇ ಕಲಿತವರು. ಪೈಯವರು ಆಮೇಲೆ ಪ್ಯಾರಿಸ್ಸಿನಲ್ಲಿ ಹತ್ತು ವರ್ಷ ಇದ್ದು, 1977ರಿಂದ 1987ರವರೆಗೆ ಇದೇ ಆಲ್ತಿನೊದ ಕಾಲೇಜಿಗೆ ಪ್ರಿನ್ಸಿಪಾಲರಾಗಿದ್ದರು.

ಮೊದಲ ಅಡ್ಡಿ ಅಪ್ಪ. ಸಂಜೆ ಮನೆಗೆ ಹೋದೆವು. ಕೈಕಾಲು ತೊಳೆದು ಬಂದು ಕೂತು ಎಲ್ಲ ಕೇಳಿಸಿಕೊಂಡ. ಕೊನೆಗೆ, "ಬೋರ್ಡ್ ಬರಿಯಾಕ ನಾಕ್ ವರ್ಸ ಬೇಕೇನ್ರಿ ಸರ? ನಮ್ ಓಣ್ಯಾಗಿನ ಪೇಂಟರ್ ಆರ್ ತಿಂಗಳದಾಗ ಕಲ್ತಾನ" ಅಂದ. ತಪ್ಪೇನಿಲ್ಲ ಅವನ ಲೆಕ್ಕದಲ್ಲಿ. ಮಗ ಅಂದೇ ಸೈಟಿಗೆ ಬಂದರೆ ಅಂದೇ ಹಾಜರಿ. ನಮಗೆ ಉತ್ತರ ಹೊಳೆಯಲಿಲ್ಲ. ಗೋಡೆಯ ಮೇಲೆ ಹಳೇ ಕ್ಯಾಲೆಂಡರಿನ ಶಿವಪಾರ್ವತಿ ಇದ್ದರು. ಅದನ್ನೇ ತೋರಿಸಿ, ಇಂಥ ದೇವರ ಚಿತ್ರಗಳಿಂದ ಮನೆಮಾತಾದ ಎಸ್.ಎಂ. ಪಂಡಿತರು ನಮ್ಮ ಗುಲ್ಬರ್ಗದವರು, ಅವರೂ ಸ್ಕೂಲಿನಲ್ಲಿ ಕೂತು ಕಲಿತೇ ಬರೆದದ್ದು ಅಂದೆವು. ಗೌಂಡಿ ಕ್ಯಾಲೆಂಡರನ್ನು ಸ್ವಲ್ಪ ಹೊತ್ತು ನೋಡಿದ. "ಅವ್ರು ಪಂಡಿತರ್ರಿ, ನಾವು ಲಮಾಣ್ಯಾರು" ಅಂದ. ಅದಕ್ಕೂ ಉತ್ತರ ಇರಲಿಲ್ಲ. ಅವ್ವ ಒಳಗಿನಿಂದಲೇ ಏನೋ ಲಂಬಾಣಿಯಲ್ಲಿ ಜೋರಾಗಿ ಅಂದಳು. ಏನಂದಳೋ ನಮಗೆ ಇಂದಿಗೂ ತಿಳಿಯದು. ಗೌಂಡಿ ಮಾತ್ರ, "ಆತ್ ಬಿಡ್ರಿ, ಬರೀಲಿ" ಅಂದುಬಿಟ್ಟ!

ಎರಡನೇ ಅಡ್ಡಿ ಕಾಗದ. ಇದನ್ನು ಪಾಲಕರು ದಯವಿಟ್ಟು ಗಮನವಿಟ್ಟು ಓದಬೇಕು. ಊರಿನಿಂದ ತಂದ ಜಾತಿ ಪ್ರಮಾಣಪತ್ರವನ್ನು ಅಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿದ್ದ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಆದರೆ ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯಕ್ಕೊಂದು, ಗೋವಾದ ಪಟ್ಟಿಯಲ್ಲಿ ಆ ಹೆಸರಿಲ್ಲ. ಗಡಿ ದಾಟಿದರೆ ಜಾತಿ ಹೋಗುವುದಿಲ್ಲ, ಸವಲತ್ತು ಮಾತ್ರ ಹೋಗುತ್ತದೆ. ಜನರಲ್‌ನಲ್ಲೇ ಅರ್ಜಿ ಹಾಕಬೇಕಾಯಿತು. ಅದಕ್ಕೂ ಇಲ್ಲೇ ವಾಸವಾಗಿದ್ದೇವೆ ಅನ್ನುವ ದಾಖಲೆ ಬೇಕು. ಬಾಡಿಗೆ ಮನೆ ನಾಲ್ಕು ಸಲ ಬದಲಾಗಿದೆ, ಯಾರೂ ಕರಾರು ಬರೆದುಕೊಟ್ಟಿಲ್ಲ. ಒಂದು ಕಚೇರಿಯಲ್ಲಿ ಮೂರು ದಿನ ನಿಲ್ಲಿಸಿ, ನಾಲ್ಕನೇ ದಿನ "ಇದು ಇಲ್ಲಿ ಅಲ್ಲ" ಅಂದರು. ಕೊನೆಗೆ ಕೈ ಹಿಡಿದದ್ದು ನಮ್ಮ ಶಾಲೆಯ ಹಳೇ ರಿಜಿಸ್ಟರು. ಒಂದನೇ ಇಯತ್ತೆಯಿಂದ ಅವನ ಹೆಸರು, ಹುಟ್ಟಿದ ತಾರೀಖು, ಅಪ್ಪನ ಸಹಿ, ಎಲ್ಲ ಅದರಲ್ಲಿತ್ತು. ಆ ರಿಜಿಸ್ಟರಿಗೆ ಗೆದ್ದಲು ಹತ್ತದಂತೆ ಬೇವಿನ ಎಲೆ ಇಟ್ಟಿದ್ದ ನಮ್ಮ ನಿವೃತ್ತ ಟೀಚರನ್ನು ಅಂದು ನೆನೆದೆವು.

ಇನ್ನು ಪರೀಕ್ಷೆ. ಹನ್ನೆರಡನೆಯದು ಪಾಸಾದರೆ ಸಾಲದು, ಆಪ್ಟಿಟ್ಯೂಡ್ ಟೆಸ್ಟ್ ಬರೆಯಬೇಕು. ನಮಗೆ ಗೊತ್ತಿದ್ದ ತಯಾರಿ ಎಂದರೆ ಒಳ್ಳೆಯ ಚಿತ್ರ ನೋಡಿ ಹಾಗೇ ಬರೆಯುವುದು. ಕ್ಯಾಲೆಂಡರಿನ ಸರಸ್ವತಿಯನ್ನು ಹತ್ತು ಸಲ ಬರೆಸಿದೆವು. ಬೇರೆ ಶಾಲೆಯ ಡ್ರಾಯಿಂಗ್ ಮಾಸ್ತರರೊಬ್ಬರಿಗೆ ತೋರಿಸಿದಾಗ ಅವರು ನಿಟ್ಟುಸಿರುಬಿಟ್ಟರು. "ಕೈ ಚಲೋ ಇದೆ. ಕಣ್ಣು ಇನ್ನೂ ಕ್ಯಾಲೆಂಡರ್ ಬಿಟ್ಟು ಹೊರಗೆ ಬಂದಿಲ್ಲ. ಎದುರಿಗೆ ಒಂದು ಕೊಡ ಇಟ್ಟು ಬರೆಸಿ."

ಕೊಡ ಇಟ್ಟೆವು. ಪಕ್ಕದಲ್ಲಿ ಶಾಲೆಯ ಗಂಟೆ, ಮುದುಡಿದ ಟವೆಲ್ಲು, ಒಂದು ಮುರಿದ ಛತ್ರಿ. ಸರಸ್ವತಿಯನ್ನು ಕಣ್ಣುಮುಚ್ಚಿ ಬರೆಯುವ ಹುಡುಗ ಕೊಡದ ಬಾಯಿ ಬರೆಯಲಾಗದೆ ಬೆವರಿದ! ಗುಂಡಗಿರುವ ಬಾಯಿ ಕೂತಲ್ಲಿಂದ ಮೊಟ್ಟೆಯಾಕಾರ ಕಾಣುತ್ತದೆ. ಗೊತ್ತಿರುವುದನ್ನು ಬಿಟ್ಟು ಕಂಡದ್ದನ್ನು ಬರೆಯಬೇಕು. ನಾವೂ ಕೂತು ಪ್ರಯತ್ನಿಸಿದೆವು. ನಮ್ಮ ಕೊಡಗಳನ್ನು ನೋಡಿ ಒಂದನೇ ಇಯತ್ತೆಯವರು ನಕ್ಕರು. ಇಪ್ಪತ್ತು ದಿನ ಹೀಗೇ ನಡೆಯಿತು. ನೋಡಿ ಬರೆಯುವುದು ಬೆಳಿಗ್ಗೆ, ನೆನಪಿನಿಂದ ಬರೆಯುವುದು ಸಂಜೆ: ಮೀನು ಮಾರುಕಟ್ಟೆ, ಬಸ್ ಸ್ಟ್ಯಾಂಡು, ಸ್ಲ್ಯಾಬ್ ಹಾಕುವ ದಿನ. ಸ್ಲ್ಯಾಬ್ ಹಾಕುವ ಚಿತ್ರದಲ್ಲಿ ಇಪ್ಪತ್ತು ಜನರಿದ್ದರು, ಒಬ್ಬೊಬ್ಬರ ಸೊಂಟ ಒಂದೊಂದು ಥರ ಬಾಗಿತ್ತು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಸೀಟು ಸಿಕ್ಕಿತು. ಫೀಸು ಹೇಗೋ ಹೊಂದಿತು, ಸಾಮಾನು ಹೊಂದಲಿಲ್ಲ. ಡ್ರಾಯಿಂಗ್ ಬೋರ್ಡು, ಕಾಗದ, ಕುಂಚ, ಪೋಸ್ಟರ್ ಕಲರ್ ಸೇರಿ ಮೊದಲ ಪಟ್ಟಿಯೇ ಮೂರು ಸಾವಿರದ ನಾಲ್ಕು ನೂರು. ಸ್ಟಾಫ್ ರೂಮಿನಲ್ಲಿ ಪಟ್ಟಿ ಎತ್ತಿದೆವು. ಆ ದೊಡ್ಡ ಬೋರ್ಡನ್ನು ಹೊತ್ತು ದಿನಾ ಪಣಜಿ ಬಸ್ಸು ಹತ್ತುವುದೊಂದು ಸಾಹಸ. ಜುವಾರಿ ನದಿಯ ಹಳೇ ಸೇತುವೆ 1983ರದ್ದು. ಹೊಸದು ತೆರೆದದ್ದು 2022ರ ಕೊನೆಗೆ, ಅಷ್ಟರಲ್ಲಿ ಇವನ ಓದೇ ಮುಗಿದಿತ್ತು. ಕುಠ್ಠಾಳಿಯಲ್ಲಿ ಟ್ರಾಫಿಕ್ ನಿಂತರೆ ನಿಂತಂತೆ. ಬೋರ್ಡಿಗೂ ಟಿಕೀಟು ತೆಗೆಸು ಅಂತ ಒಬ್ಬ ಕಂಡಕ್ಟರ್ ತಮಾಷೆ ಮಾಡುತ್ತಿದ್ದನಂತೆ. (ಅಂದ ಹಾಗೆ, ಇಲ್ಲಿಯ ಸರ್ಕಾರಿ ಬಸ್ಸಿನ ಹೆಸರು ಕದಂಬ. ಅದನ್ನು ಓದಿದಾಗಲೆಲ್ಲ ನಮಗೊಂದು ಸಣ್ಣ ಖುಷಿ. ಇರಲಿ.)

ಮೊದಲ ತಿಂಗಳುಗಳಲ್ಲಿ ಅವನು ಬಾಯಿಯೇ ಬಿಡಲಿಲ್ಲವಂತೆ. ಅಲ್ಲಿ ಯಾರೂ ಏನೂ ಅಂದವರಲ್ಲ, ಇವನದೇ ಅಂಜಿಕೆ. ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ "ಘಾಟಿ" ಅನ್ನಿಸಿಕೊಂಡು ಬೆಳೆದ ಮಕ್ಕಳಿಗೆ ಅದು ಒಳಗೇ ಇರುತ್ತದೆ. ಊರು ಯಾವುದು ಅಂದರೆ ವಾಸ್ಕೋ ಅನ್ನುತ್ತಿದ್ದ, ಮುಂದಿನ ಪ್ರಶ್ನೆ ಬರುವ ಮೊದಲೇ ಪೆನ್ಸಿಲ್ ಕೆತ್ತಲು ಎದ್ದುಹೋಗುತ್ತಿದ್ದ. ಪಾಠ ಇಂಗ್ಲಿಷಿನಲ್ಲಿ. ಹೊಸ ಪದಗಳನ್ನು ಕನ್ನಡದಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿದ್ದ. "ಫೋರ್‌ಶಾರ್ಟನಿಂಗ್ ಅಂದ್ರ ನಮ್ ಕಡೆ ಚಾಚಿದ ಕೈ ಗಿಡ್ಡ ಕಾಣೂದು." ನಮ್ಮ ಕನ್ನಡ ಅಷ್ಟಕ್ಕಾದರೂ ಒದಗಿತಲ್ಲ ಅಂತ ಸಮಾಧಾನಪಟ್ಟೆವು.

ಒಂದು ದಿನ ಕಲಾ ಇತಿಹಾಸದ ಕ್ಲಾಸಿನಲ್ಲಿ ಪರದೆಯ ಮೇಲೆ ಬಾದಾಮಿ ಬಂತು. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜ, ಆಮೇಲೆ ಮೂರನೇ ಗುಹೆ, ಮಂಗಳೇಶನ ಶಾಸನ, ಕ್ರಿ.ಶ. 578. ಬನಶಂಕರಿ ಜಾತ್ರೆಗೆ ಹೋದಾಗಲೆಲ್ಲ ಅಪ್ಪನ ಹೆಗಲ ಮೇಲೆ ಕೂತು ನೋಡಿದ ಕಲ್ಲು ಅದು. ಎಲ್ಲರೂ ನೋಟ್ಸ್ ಬರೆದುಕೊಳ್ಳುತ್ತಿದ್ದಾರೆ. "ನಮ್ ತಾಲೂಕ್ ಅಂತ ಹೇಳಿದ್ಯೇನೋ?" ಅಂತ ಕೇಳಿದೆವು. "ಇಲ್ರಿ ಸರ. ಹೇಳಾಕ್ ಆಗಲಿಲ್ಲ. ಎದಿ ಡಬಡಬ ಅಂತು" ಅಂದ. ನಮಗೆ ಸಿಟ್ಟೇ ಬಂತು. ಯಾರ ಮೇಲೆ ಅಂತ ಮಾತ್ರ ಸ್ಪಷ್ಟವಿರಲಿಲ್ಲ. ಮೂರನೇ ಇಯತ್ತೆಯಲ್ಲಿ ನಕಾಶೆಯ ಹೊರಗೆ ಧೈರ್ಯವಾಗಿ ಚುಕ್ಕಿ ಇಟ್ಟವನು ಅವನೇ ಅಲ್ಲವೇ?

2020ರಲ್ಲಿ ಲಾಕ್‌ಡೌನ್. ಕೆಲಸ ನಿಂತು, ಬಸ್ಸು ಬಿಟ್ಟ ಕೂಡಲೇ ಇಡೀ ಓಣಿ ಊರಿಗೆ ಹೊರಟಿತು, ಇವರೂ ಹೋದರು. ಕಾಲೇಜು ಮೊಬೈಲಿಗೆ ಬಂತು. ತಾಂಡಾದಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲೆ. ಕಾಗದ ಮುಗಿದಾಗ ಸಿಮೆಂಟ್ ಚೀಲದ ಒಳಗಿನ ಕಂದು ಹಾಳೆ ಬಿಡಿಸಿ ಬರೆದ. ಅಲ್ಲಿಂದ ಬಾದಾಮಿಗೆ ಸೈಕಲ್ಲು. ಗುಹೆಗಳ ಗೇಟಿಗೆ ಬೀಗ. ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕೂತು ಬಂಡೆ, ಭೂತನಾಥ ಗುಡಿ, ಬಟ್ಟೆ ಒಗೆಯುವ ಹೆಂಗಸರನ್ನು ಬರೆದು ನಮಗೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದ. ಕಂದು ಹಾಳೆಯ ಮೇಲೆ ಬರೀ ಇದ್ದಿಲು ಮತ್ತು ಸುಣ್ಣ. ಬಾದಾಮಿ ಕಲ್ಲಿನ ಬಣ್ಣಕ್ಕೆ ಆ ಹಾಳೆಯೇ ಸರಿಹೋಗಿತ್ತು!

ಕಾಲೇಜು ಮತ್ತೆ ತೆರೆದಾಗ ಆ ಹಾಳೆಗಳ ಸುರುಳಿ ಹಿಡಿದುಕೊಂಡು ಹೋದ. ಎಲ್ಲಿಯವು ಇವು ಅಂತ ಕೇಳಿದರಂತೆ. ಈ ಸಲ ಹೇಳಿದ. ಊರು, ತಾಂಡಾ, ಅಪ್ಪನ ಕೆಲಸ, ಚೀಲದ ಹಾಳೆ, ಎಲ್ಲವನ್ನೂ, ಅವನ ಅರ್ಧ ಕೊಂಕಣಿ ಅರ್ಧ ಇಂಗ್ಲಿಷಿನಲ್ಲಿ. "ಎಷ್ಟೊತ್ತು ಮಾತಾಡಿದ್ಯೋ?" ಅಂದೆವು. "ಚಹಾದ ಹೊತ್ತು ಮುಗೀತ್ರಿ ಸರ" ಅಂದ.

2022ರಲ್ಲಿ ಕಾಲೇಜಿನ ಪ್ರದರ್ಶನಕ್ಕೆ ನಮ್ಮನ್ನೂ ಕರೆದಿದ್ದ. ಗೌಂಡಿ ದಂಪತಿ ಮತ್ತು ನಾವು ನಾಲ್ವರು ಶಿಕ್ಷಕರು ಆಲ್ತಿನೊ ಏರು ಹತ್ತುವಷ್ಟರಲ್ಲಿ ಏದುಸಿರು. ಅವ್ವ ಪೆಟ್ಟಿಗೆಯಲ್ಲಿಟ್ಟಿದ್ದ ಕನ್ನಡಿ ಫೇಟಿಯಾ ಉಟ್ಟು ಬಂದಿದ್ದಳು, ಮಗನ ಸ್ನೇಹಿತರು ಚಿತ್ರಗಳನ್ನು ಬಿಟ್ಟು ಅದನ್ನೇ ನೋಡುತ್ತ ನಿಂತರು. ಅವನ ದೊಡ್ಡ ಚಿತ್ರ ಸ್ಲ್ಯಾಬ್ ಹಾಕುವ ದಿನದ್ದು, ಆರಡಿ ಅಗಲ. ಅವ್ವ ಬುಟ್ಟಿ ಹೊತ್ತವರಲ್ಲಿ ತನ್ನನ್ನು ಹುಡುಕಿ ಬೆರಳಿಟ್ಟು ತೋರಿಸಿದಳು. ಮುಟ್ಟಬೇಡವ್ವ ಅನ್ನುವಷ್ಟರಲ್ಲಿ ಮುಟ್ಟಿಯಾಗಿತ್ತು.

ಗೌಂಡಿ ಮಾತ್ರ ಚಿತ್ರದ ಎದುರು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಪಕ್ಕಕ್ಕೆ ಸರಿದು, ಚಿತ್ರ ತೂಗುಹಾಕಿದ್ದ ಗೋಡೆಯ ಮೇಲೆ ಅಂಗೈ ಆಡಿಸಿದ. "ಪ್ಲಾಸ್ಟರ್ ಚಲೋ ಮಾಡ್ಯಾರ ಸರ" ಅಂದ. ಮತ್ತೆ ಹೋಗಿ ಚಿತ್ರದ ಎದುರು ನಿಂತುಕೊಂಡ.