ನಕಲಿ ನಾಗರ

ಅಸಲಿ ಕೋಬ್ರಾ ಕೊಳ್ಳುವ ಮಾತನ್ನು ಇಲ್ಲಿಗೇ ಬಿಡೋಣ. 1962ರಲ್ಲಿ ಕ್ಯಾರಲ್ ಶೆಲ್ಬಿ ಇಂಗ್ಲೆಂಡಿನ ಎಸಿ ಕಂಪನಿಯ ಪುಟ್ಟ ತೆರೆದ ಕಾರಿಗೆ ಫೋರ್ಡಿನ ವಿ-8 ಎಂಜಿನ್ ತುರುಕಿ ಮಾಡಿದ ಮೊತ್ತಮೊದಲ ಕೋಬ್ರಾ, 2016ರ ಹರಾಜಿನಲ್ಲಿ 1 ಕೋಟಿ 37 ಲಕ್ಷ 50 ಸಾವಿರ ಡಾಲರಿಗೆ ಹೋಯಿತು. ಆ ಕಾರಿನ ಬಾಲ್ಯಚರಿತ್ರೆ ನನಗೆ ಬಲು ಇಷ್ಟ. ಆಗ ಇದ್ದದ್ದು ಅದೊಂದೇ. ಪತ್ರಿಕೆಯವರು ಓಡಿಸಿ ನೋಡುತ್ತೇವೆಂದಾಗಲೆಲ್ಲ ಶೆಲ್ಬಿ ಅದಕ್ಕೆ ಹೊಸ ಬಣ್ಣ ಬಳಿಸಿ ಕಳಿಸುತ್ತಿದ್ದನಂತೆ. ಕಾರುಗಳು ಸಾಲುಸಾಲಾಗಿ ಹೊರಬೀಳುತ್ತಿವೆ ಎಂದು ಓದುಗರಿಗೆ ಅನಿಸಬೇಕಲ್ಲ! ಅಂದು ಒಂದೇ ಕಾರು ಹಲವಾಗಿ ನಟಿಸಿತು. ಇಂದು ಹಲವು ಕಾರುಗಳು ಆ ಒಂದಾಗಿ ನಟಿಸುತ್ತವೆ. ಯಾರನ್ನು ಯಾರು ದೂರಬೇಕು?

ಅಮೆರಿಕಕ್ಕೆ ಬಂದು ನೆಲೆಸಿದ ಮೇಲೆ ಇಂಥ ನಕಲಿ ಕೋಬ್ರಾದ ಹುಚ್ಚು ನನಗೂ ಹತ್ತಿತು. ಮೊದಲು ಕಣ್ಣು ಹೋದದ್ದು ಕಿಟ್ ಕಡೆಗೆ. ಮ್ಯಾಸಚೂಸೆಟ್ಸಿನ ವೇರ್‌ಹ್ಯಾಮ್‌ನಲ್ಲಿರುವ ಫ್ಯಾಕ್ಟರಿ ಫೈವ್ ಕಂಪನಿ ಉಕ್ಕಿನ ಕೊಳವೆಗಳ ಚಾಸಿಯನ್ನೂ ಫೈಬರ್‌ಗ್ಲಾಸ್ ಮೈಯನ್ನೂ ರಾಶಿ ಪೆಟ್ಟಿಗೆಗಳನ್ನೂ ಮನೆ ಬಾಗಿಲಿಗೆ ತಂದಿಳಿಸುತ್ತದೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಚಕ್ರ, ಟೈರು, ಬಣ್ಣ ನಮ್ಮ ಪಾಲಿಗೆ. ಕಿಟ್ಟಿನ ಬೆಲೆ ಕೇಳಿ ಹಿಗ್ಗುವವರು ಈ ಪಟ್ಟಿಯನ್ನು ಕೊನೆವರೆಗೆ ಓದಿರುವುದಿಲ್ಲ. ಬಣ್ಣವೊಂದೇ ಸಾಕು ಜೇಬಿಗೆ ತೂತು ಕೊರೆಯಲು. ಫೈಬರ್ ಮೈ ಉಜ್ಜಿದಷ್ಟೂ ಇನ್ನಷ್ಟು ಉಜ್ಜು ಎನ್ನುತ್ತದೆ.

ಹಾಗೆಂದು ಕಿಟ್ ಕಟ್ಟುವವರ ವಂಶ ಸಾಮಾನ್ಯದ್ದಲ್ಲ. ಇಂಗ್ಲೆಂಡಿನಲ್ಲಿ ಲೋಟಸ್ ಸೆವೆನ್ ಕಾರು ಬಿಡಿಬಿಡಿಯಾಗಿ ಮಾರಾಟವಾಗುತ್ತಿದ್ದ ಕಾಲಕ್ಕೆ ಕಿಟ್ಟಿಗೆ ಖರೀದಿ ತೆರಿಗೆ ಇರಲಿಲ್ಲ, ಆದರೆ ಜೋಡಿಸುವ ಕೈಪಿಡಿ ಕೊಡುವಂತಿರಲಿಲ್ಲ. ಲೋಟಸ್ ಸ್ಥಾಪಕ ಕಾಲಿನ್ ಚಾಪ್‌ಮನ್ ಬಿಚ್ಚುವ ಕೈಪಿಡಿ ಕೊಟ್ಟನಂತೆ. ಕೊಂಡವರು ಅದನ್ನು ಹಿಂದಿನಿಂದ ಮುಂದಕ್ಕೆ ಓದಿಕೊಂಡರು!

ನನ್ನ ಒಲವು ಮಾತ್ರ ಬರಬರುತ್ತಾ ಬೇರೆಯವರು ಕಟ್ಟಿ ಓಡಿಸಿದ ಕಾರಿನತ್ತ ವಾಲಿತು. ಕಾರಣ ದುಡ್ಡಲ್ಲ, ಕುತೂಹಲ. ಅಂಥ ಕಾರು ನೋಡಲು ಹೋದಾಗ ನಾನು ಮೊದಲು ಎಂಜಿನ್ ನೋಡುವುದಿಲ್ಲ. ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸುತ್ತೇನೆ. ವೈರುಗಳು ಜಾತ್ರೆ ಮುಗಿದ ಮರುದಿನದ ದೀಪದ ಸರದಂತೆ ಜೋತಾಡುತ್ತಿದ್ದರೆ ಬಾನೆಟ್ ಎತ್ತಿಸುವುದೇ ಬೇಡ. ಅಚ್ಚುಕಟ್ಟಾಗಿ ಕಟ್ಟಿ, ಒಂದೊಂದಕ್ಕೂ ಚೀಟಿ ಅಂಟಿಸಿದ್ದರೆ, ಯಾರೂ ನೋಡದ ಜಾಗದಲ್ಲಿ ಇಷ್ಟು ಶ್ರದ್ಧೆ ಇಟ್ಟವರು ಬ್ರೇಕಿನಲ್ಲಿ ಬೇಜವಾಬ್ದಾರಿ ಮಾಡಿರಲಾರರು ಎಂದು ನನ್ನ ಲೆಕ್ಕ. ಆಮೇಲೆ ಬಣ್ಣದಡಿಯ ಜೇಡರಬಲೆ ಬಿರುಕುಗಳು, ಬಾಗಿಲಿನ ಸಂದು, ರಸೀದಿಗಳ ಫೈಲು. ಕಾಗದಪತ್ರದಲ್ಲಿ ಕಾರನ್ನು ಯಾವ ವರ್ಷದ್ದೆಂದು ನೋಂದಾಯಿಸಿದ್ದಾರೆ ಎಂಬುದನ್ನೂ ನೋಡಿಕೊಳ್ಳಬೇಕು. ಅದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುವ ತಲೆನೋವು.

ಅರ್ಧ ಕಟ್ಟಿ ಬಿಟ್ಟವೂ ಸಿಗುತ್ತವೆ, ಅಗ್ಗಕ್ಕೆ. ಮಗು ಹುಟ್ಟಿತು, ಬೆನ್ನು ಹಿಡಿಯಿತು, ವರ್ಗವಾಯಿತು ಎಂಬ ಕಥೆಗಳ ಜೊತೆಗೆ. ಕಥೆಗಳೆಲ್ಲ ನಿಜ, ಕಾಣೆಯಾದ ಬೋಲ್ಟುಗಳೂ ಅಷ್ಟೇ ನಿಜ. ದೂರದಿಂದಲೇ ನಮಸ್ಕಾರ.

ಕೊನೆಗೆ ಮನಸ್ಸಿಗೆ ಬಂದದ್ದೊಂದು ನೀಲಿ ಕಾರು. ಏನಾದರೂ ದೋಷವಿದೆಯೇ ಎಂದು ಕೇಳಿದೆ. ಮಾರುವ ಹಿರಿಯರು ಉತ್ತರ ಕೊಡದೆ ಪ್ಯಾಂಟನ್ನು ಮೊಣಕಾಲವರೆಗೆ ಎತ್ತಿದರು. ಕೋಬ್ರಾದ ಹೊಗೆಕೊಳವೆ ಬಾಗಿಲ ಕೆಳಗೇ ಹಾಯುತ್ತದೆ, ಇಳಿಯುವಾಗ ಮೈಮರೆತರೆ ಮೀನಖಂಡ ಸುಡುತ್ತದೆ. ಕೋಬ್ರಾ ಬಳಗದವರು ಅದಕ್ಕೆ ಹಾವಿನ ಕಡಿತ ಎನ್ನುತ್ತಾರೆ. ಕಲೆಯನ್ನು ಅವರು ಪದಕ ತೋರಿಸುವ ಗತ್ತಿನಲ್ಲಿ ತೋರಿಸಿದರು. ಅದನ್ನು ನೋಡಿಯೂ ನಾನು ಚೌಕಾಸಿ ಬಿಡಲಿಲ್ಲ. ಅವರು ಬೆಲೆ ಇಳಿಸಲೂ ಇಲ್ಲ.